ಹಿಂದಿನ ಸಾಲಿಗೆ ಹೊಂದಿಸಿದ ಬೆಳಕು

ಎದ್ದು ಹೋಗುವವರು ಈಗಲೇ ಎದ್ದು ಹೋಗಿ. ಆಮೇಲೆ ಹೋಗುತ್ತೇನೆಂದರೂ ಕಾಲು ಏಳುವುದಿಲ್ಲ. ಯಾಕೆಂದರೆ ನಿಮ್ಮ ಮುಂದೆ ಮಾತಾಡುತ್ತಿರುವವನು ಸಾಮಾನ್ಯ ಆಸಾಮಿ ಅಲ್ಲ. ನಮ್ಮೂರ ರಂಗಮಂದಿರದ ಮೊದಲ ಸಾಲಿನಲ್ಲಿ, ಮೆತ್ತನೆ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುವ ದೊಡ್ಡ ಮನುಷ್ಯರಿಗೆಲ್ಲ ಒಂದೇ ಮಧ್ಯಾಹ್ನದಲ್ಲಿ ನೀರು ಕುಡಿಸಿದವನು ನಾನು. ಕತ್ತಿ ಹಿಡಿಯಲಿಲ್ಲ, ಕಲ್ಲು ಎತ್ತಲಿಲ್ಲ. ಹತ್ತು ಬೆರಳು, ಒಂದು ಲೈಟ್ ಬೋರ್ಡು. ಹೆಸರು ಭರಮ. ಹೆಸರು ಕೇಳಿ ನಗುವವರು ಈಗಲೇ ನಕ್ಕು ಮುಗಿಸಿ, ಕಥೆ ಮುಗಿಯುವಷ್ಟರಲ್ಲಿ ಬಾಯಲ್ಲಿ ಹಲ್ಲಿರುತ್ತದೆ, ನಗು ಇರುವುದಿಲ್ಲ.

ಇಂಥ ಮಾತೆಲ್ಲ ಸಿನಿಮಾದಿಂದ ಕದ್ದದ್ದು ಎಂದು ನಮ್ಮವ್ವ ತಿಪ್ಪಕ್ಕ ಹೇಳುತ್ತಾಳೆ. ಕದಿಯುವುದೇನು ಬಂತು. ನಮ್ಮೂರಲ್ಲಿ ಸಿನಿಮಾ ಎಂದರೆ ಮಾತೇ. ನಮ್ಮೂರಲ್ಲಿ ಬೆಳಕು ನಿಧಾನ. ಸದ್ದು ನಿಮ್ಮೂರಿನಷ್ಟೇ ಚುರುಕಾಗಿ ಬಂದು ಕಿವಿಗೆ ಬೀಳುತ್ತದೆ, ಬೆಳಕು ಮಾತ್ರ ಮೇವು ತಿಂದ ಎತ್ತಿನ ಹಾಗೆ ಹೆಜ್ಜೆ ಹಾಕುತ್ತಾ ಬರುತ್ತದೆ. ಹತ್ತಿರ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ, ದೂರ ಇದ್ದವರಿಗೆ ಗೊತ್ತಾಗದೆ ಇರುವುದಿಲ್ಲ. ಟಾಕೀಸಿನ ಹಿಂದಿನ ಬೆಂಚಿನಲ್ಲಿ ಬೆಳೆದ ನನಗೆ ಮೊದಲು ಗುದ್ದಿನ ಸದ್ದು ಕೇಳುತ್ತಿತ್ತು, ಆಮೇಲೆ ಹೀರೋ ಕೈ ಎತ್ತುತ್ತಿದ್ದ. ಅವನು ಬಾಯಿ ತೆರೆಯುವ ಮುಂಚೆಯೇ ಅವನ ಡೈಲಾಗು ನನ್ನ ಬಾಯಿಗೆ ಬಂದಿರುತ್ತಿತ್ತು. ಹಾಗಿದ್ದ ಮೇಲೆ ಅದು ಅವನದೋ ನನ್ನದೋ, ನೀವೇ ಹೇಳಿ.

ನಮ್ಮೂರವರು ಕಣ್ಣನ್ನು ಅಷ್ಟಾಗಿ ನಂಬುವುದಿಲ್ಲ. ರಸ್ತೆ ದಾಟುವಾಗ ನೋಡುವುದಿಲ್ಲ, ಕಿವಿ ಕೊಡುತ್ತಾರೆ. ಬಸ್ಸು ಕಾಣುವ ಹೊತ್ತಿಗೆ ಬಸ್ಸು ಅಲ್ಲಿರುವುದಿಲ್ಲ ಎಂಬುದು ಅಂಗನವಾಡಿ ಮಗುವಿಗೂ ಗೊತ್ತು. ಬೀದಿ ತುದಿಯಲ್ಲಿ ಬರುವವರನ್ನು ಅವರ ಕೆಮ್ಮಿನಿಂದಲೇ ಗುರುತು ಹಿಡಿಯುತ್ತಾರೆ. ನಾನು ಹುಡುಗನಾಗಿದ್ದಾಗ ರಂಗಮಂದಿರದ ಅಧ್ಯಕ್ಷ ರುದ್ರಮುನಿಯಪ್ಪನವರ ಕೆಮ್ಮನ್ನು ಕಲಿತುಕೊಂಡಿದ್ದೆ. ಪೇಟೆ ಬೀದಿಯ ಆ ತುದಿಯಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಅಂಗಡಿಯವರೆಲ್ಲ ಎದ್ದು ನಿಂತು ಟವೆಲ್ಲು ಹೆಗಲಿಂದ ಇಳಿಸುತ್ತಿದ್ದರು. ಕೈ ಮುಗಿದು ಬಗ್ಗಿದ ಮೇಲೆ ನಾನು ಬಾಳೆಹಣ್ಣು ತಿನ್ನುತ್ತಾ ನಿಂತಿರುವುದು ನಿಧಾನವಾಗಿ ಅವರ ಕಣ್ಣಿಗೆ ಬಂದು ತಲುಪುತ್ತಿತ್ತು. ಬೈಗುಳ ಶುರುವಾಗುವ ಹೊತ್ತಿಗೆ ನಾನು ಮೂರನೆಯ ಓಣಿ.

ಈಗ ರಂಗಮಂದಿರದ ವಿಷಯ. ವರ್ಷಕ್ಕೊಮ್ಮೆ ಅಲ್ಲಿ ಬೆಳಕಿನಾಟ. ನಟರಿಲ್ಲ, ಬಣ್ಣ ಬಳಿದ ರಾಜರಿಲ್ಲ. ವೇದಿಕೆಗೆ ಒಂದು ಬಿಳಿ ಪರದೆ, ಅದರ ಮೇಲೆ ಬರೀ ದೀಪಗಳ ಆಟ, ಕೆಳಗೆ ತಗ್ಗಿನಲ್ಲಿ ಕೂತ ಮೇಳದವರ ಹಾಡು. ಒಂದು ಕೆರೆ ಬೆಳಗಾಗಿ, ಬಿಸಿಲಾಗಿ, ಸಂಜೆಯಾಗಿ, ಕಪ್ಪಾಗುವ ಹಾಡು ಅದು. "ಕೆಂಪು ಬಂತು ಕೆರೆಗೆ, ಇನ್ನು ಮಲಗಬ್ಯಾಡ ತಾಯೆ" ಎಂದು ಶುರುವಾಗುತ್ತದೆ. ಕೆಂಪು ಎಂಬ ಮಾತಿಗೆ ಸರಿಯಾಗಿ ಪರದೆ ಕೆಂಪಾಗಬೇಕು. ಹಾಡು ಒಂದು ಕಡೆ, ಬಣ್ಣ ಒಂದು ಕಡೆ ಆದರೆ ಅದಕ್ಕೆ ನಮ್ಮಲ್ಲಿ ಬಿರುಕು ಎನ್ನುತ್ತಾರೆ. ಬಿರುಕು ಬಿಟ್ಟ ಮೇಳಕ್ಕೆ ಮದುವೆಗೂ ಕರೆ ಬರುವುದಿಲ್ಲ.

ಬಿರುಕಿಲ್ಲದೆ ನೋಡುವ ಭಾಗ್ಯ ಮಾತ್ರ ಮೊದಲ ಸಾಲಿಗೆ. ಮಂದಿರ ಉದ್ದಕ್ಕೆ ರೈಲು ಬೋಗಿಯ ಹಾಗಿದೆ. ಕುರ್ಚಿಗಳ ಹಿಂದೆ ಬೆಂಚುಗಳು, ಬೆಂಚುಗಳ ಹಿಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಚಾಪೆ. ಚಾಪೆಯ ಮೇಲೆ ಕೂರುವವರು ಹೆಂಚಿನ ಕಾರ್ಖಾನೆಯವರು, ಅಂದರೆ ನಾವು. ನಮ್ಮ ಹತ್ತಿರ ಕೆಂಪು ಬರುವ ಹೊತ್ತಿಗೆ ಹಾಡು ಬಿಸಿಲಿಗೆ ಹೋಗಿರುತ್ತದೆ. ಹಾಡಿನಲ್ಲಿ ಕೊಕ್ಕರೆ ಹಾರಿದಾಗ ಪರದೆಯ ಮೇಲೆ ಇನ್ನೂ ಮಂಜು. ಅದಕ್ಕೇ ನಮ್ಮವರು ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. ಬೆಳಕಿನಾಟಕ್ಕೆ ಬಂದು ಕಣ್ಣು ಮುಚ್ಚಿ ಕೂರುವ ಜನ ಇನ್ನೆಲ್ಲಾದರೂ ಇದ್ದಾರೆಯೇ, ಹೇಳಿ. ಆ ಹಾಡನ್ನು ಅವರು ಅಷ್ಟು ಕೇಳಿದ್ದಾರೆಂದರೆ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನಿಂದ ಅಂಗಳದವರೆಗೆ ಸಾಲಾಗಿ ನಿಂತು ಹೆಂಚು ಕೈಯಿಂದ ಕೈಗೆ ದಾಟಿಸುವಾಗ ಅದನ್ನೇ ಹಾಡುತ್ತಾರೆ. ಹಾಡಿನ ಒಂದು ಸಾಲಿಗೆ ಒಂದು ಹೆಂಚು. ಅವ್ವ ನಿಂತವರ ಸಾಲಿನ ತುದಿಯಲ್ಲಿ ಹೆಂಚಿನ ಅಟ್ಟಿ ಒಟ್ಟುತ್ತಾಳೆ.

ಹಳೆಯ ಲೈಟಿನವರು ಮಗಳ ಊರಿಗೆ ಹೋಗಿಬಿಟ್ಟ ಮೇಲೆ ಬೋರ್ಡು ನನ್ನ ಕೈಗೆ ಬಂತು. ಕುಚೇಷ್ಟೆ ಮಾಡುವವನಿಗೆ ಬೆರಳು ಚುರುಕಾಗಿರುತ್ತವೆ ಎಂದು ಹಾರ್ಮೋನಿಯಂ ರಜಾಕ್ ಮಾಸ್ತರು ಶಿಫಾರಸು ಮಾಡಿದ್ದರು. ಮೇಳದ ಹಿರಿಯರು ಅವರು, ಊರಿನ ಅರ್ಧ ಜನಕ್ಕೆ ಸರಿಗಮ ಕಲಿಸಿದವರು. ಮೊದಲ ದಿನವೇ ನಾನು ರಂಗಮಂದಿರದ ಕಮಿಟಿಯ ಮುಂದೆ ಹೋಗಿ ನಿಂತೆ. ಚಹಾ ನಡೆಯುತ್ತಿತ್ತು.

"ಸ್ವಾಮೇರ, ಈ ಸಲ ಒಂದೇ ಒಂದ್ಸಲ, ಆಟ ನಡುಸಾಲಿಗೆ ಹೊಂದಿಸ್ಲಾ?" ಎಂದೆ. "ಮುಂದೆ ಒಂಚೂರು ಬಿರುಕು, ಹಿಂದೆ ಒಂಚೂರು ಬಿರುಕು. ಎಲ್ರಿಗೂ ಅರ್ಧರ್ಧ."

ರುದ್ರಮುನಿಯಪ್ಪನವರು ಕನ್ನಡಕ ಒರೆಸಿಕೊಂಡರು. "ಯಾಕಪ್ಪಾ, ಮುಂದೆ ಕೂತೋರು ಏನ್ ಪಾಪ ಮಾಡಿದ್ವಿ?"

"ಪಾಪ ಅಂತಲ್ಲ ಬುದ್ಧಿ. ಹಿಂದ್ಕೂತೋರೂ ಒಂಚೂರು ಪುಣ್ಯ ಮಾಡಿರಬೌದು ಅಂತ."

ಕಮಿಟಿಯವರು ನಕ್ಕರು. ಅಧ್ಯಕ್ಷರೂ ನಕ್ಕರು. ಕೆಟ್ಟದಾಗಿ ನಗಲಿಲ್ಲ, ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟದ್ದು. ತಮ್ಮ ಮನೆ ಮಗುವಿಗೆ ಹೇಳುವ ಹಾಗೆ ಹೇಳಿದರು: "ಏನ್ ಡೈಲಾಗ್ ಹೊಡೀತೀಯೋ ಮಾರಾಯ. ನೋಡು ಭರಮಣ್ಣ, ಅವ್ರು ಹೆಂಗೂ ಕಣ್ಮುಚ್ಕಂಡೇ ಕೇಳ್ತಾರೆ. ದೇವ್ರು ಕಿವಿ ಕೊಟ್ಟವ್ನೆ, ಸಾಕು. ಸುಮ್ನೆ ಅವ್ರ ಕಣ್ಣಿಗೆ ಯಾಕೆ ದಣಿವು?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು, ನಾಲ್ಕು ಡೈಲಾಗು ಸಿದ್ಧವಿದ್ದವು. ನಮ್ಮವ್ವ ಕಣ್ಣು ಮುಚ್ಚಿದ್ದು ದಣಿವಿಗೆ ಅಲ್ಲ. ಕಣ್ಣು ಬಿಟ್ಟರೆ ಹಾಡು ಹಾಳಾಗುತ್ತದೆ ಎಂದು. ಅವರೇ ಕಸಿದುಕೊಂಡು, ನಿನಗೆ ಅದು ಬೇಡವಾಗಿತ್ತಲ್ಲ ಎನ್ನುವವರಿಗೆ ಯಾವ ಸಿನಿಮಾದಲ್ಲೂ ಉತ್ತರವಿಲ್ಲ. ಅವರು ಕೊಟ್ಟ ಚಹಾದ ಲೋಟ ತೆಗೆದುಕೊಂಡು ಕುಡಿದೆ. ಕುಡಿಯುತ್ತಲೇ ತೀರ್ಮಾನ ಮಾಡಿದೆ. ನಡುಸಾಲಲ್ಲ. ಕೊನೆಯ ಸಾಲು. ಪೂರ್ತಿ.

ಕೆಲಸಕ್ಕೆ ಇಳಿದೆ. ಕಂಚಿನ ಗಂಗಾಳದಲ್ಲಿ ನೀರು ತುಂಬಿ, ತಳಕ್ಕೆ ಒಡೆದ ಕನ್ನಡಿ ಚೂರು ಹಾಕಿ, ಮೇಲಿಂದ ಸ್ಪಾಟು ಹೊಡೆದರೆ ಪರದೆಯ ಮೇಲೆ ಕೆರೆ ನಡುಗುತ್ತದೆ. ಬೆರಳಲ್ಲಿ ನೀರು ಮುಟ್ಟಿದರೆ ಅಲೆ. ತಗಡಿಗೆ ಮೊಳೆಯಿಂದ ತೂತು ಹೊಡೆದು ದೀಪದ ಮುಂದೆ ಹಿಡಿದರೆ ಎಲೆ ಸಂದಿಯ ಬಿಸಿಲು. ಕೆಂಪು ಜೆಲಟಿನ್ ಹಾಳೆಯ ಮೇಲೆ ಅರ್ಧಕ್ಕೆ ಹಳದಿ ಅಂಟಿಸಿದರೆ ಬೆಳಗಿನ ಕೆಂಪು, ನೀಲಿ ಅಂಟಿಸಿದರೆ ಸಂಜೆಯ ಕೆಂಪು. ಎರಡೂ ಒಂದೇ ಅಲ್ಲ ಎಂದು ನನಗೆ ಹೇಳಿಕೊಟ್ಟದ್ದು ಗೂಡಿನ ಬಾಯಿ. ಹೆಂಚು ಸುಡಲು ಶುರುವಾದಾಗಿನ ಕೆಂಪು ಬೇರೆ, ಆರುವಾಗಿನ ಕೆಂಪು ಬೇರೆ.

ಆಮೇಲೆ ಅಳತೆ. ಕಾವಲುಗಾರನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿ, ದೀಪ ಹಾಕುತ್ತಲೇ "ಹಾಕ್ದೆ" ಎಂದು ಕೂಗಲು ಹೇಳಿ, ನಾನು ಅವ್ವನ ಚಾಪೆಯ ಮೇಲೆ ಹೋಗಿ ಕೂತೆ. ಕೂಗು ಕಿವಿಗೆ ಬೀಳುತ್ತಲೇ ಹಾಡು ಶುರು ಮಾಡಿದೆ. "ಕೆಂಪು ಬಂತು ಕೆರೆಗೆ, ಇನ್ನು ಮಲಗಬ್ಯಾಡ ತಾಯೆ." ತಾಯೆ ಎನ್ನುವಾಗ ಬೆಳಕು ಬಂದು ಮುಖಕ್ಕೆ ಮುಟ್ಟಿತು. ಸರಿಯಾಗಿ ಹಾಡಿನ ಒಂದು ಸಾಲು. ಅಂದರೆ ನಾನು ಎಲ್ಲ ದೀಪವನ್ನೂ ಹಾಡಿಗಿಂತ ಒಂದು ಸಾಲು ಮುಂಚೆ ಬಿಟ್ಟರೆ ಚಾಪೆಯ ಮೇಲೆ ಹಾಡೂ ಬಣ್ಣವೂ ಒಟ್ಟಿಗೆ ಇಳಿಯುತ್ತವೆ. ಮುಂದಿನವರಿಗೆ ಹಾಡಿಗೆ ಮುಂಚೆಯೇ ಬಣ್ಣ ಬಂದುಹೋಗುತ್ತದೆ. ಕಣ್ಣು ಮುಚ್ಚಿಕೊಳ್ಳಲಿ, ದೇವರು ಅವರಿಗೂ ಕಿವಿ ಕೊಟ್ಟಿದ್ದಾನೆ. ತಾಲೀಮಿನಲ್ಲಿ ಮಾತ್ರ ಹಳೆಯ ಲೆಕ್ಕದಲ್ಲೇ ನಡೆಸಿದೆ. ಮೇಳದವರಿಗೂ ಸುಳಿವು ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಆಟದ ಹಿಂದಿನ ದಿನ ಊಟದ ಹೊತ್ತಿಗೆ ಕಾರ್ಖಾನೆಗೆ ಹೋದೆ. ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಅಟ್ಟಿಯ ಮೇಲೆ ಹತ್ತಿ ನಿಂತು ಹೇಳಿದೆ: "ನಾಳೆ ಆಟಕ್ಕೆ ಎಲ್ರೂ ಕಣ್ಣು ಬಿಟ್ಕಂಡು ಕೂತ್ಕಾಬೇಕು."

"ಯಾಕ್ಲಾ," ಎಂದಳು ಅವ್ವ, ರೊಟ್ಟಿ ಮುರಿಯುತ್ತಾ, "ಓಡಿಹೋದ ನಿಮ್ಮಪ್ಪ ಏನಾರಾ ವಾಪಸ್ ಬತ್ತಾನಾ?"

ಎಲ್ಲರೂ ನಕ್ಕರು. ನಾನು ಎದೆ ಮೇಲೆ ಕೈ ಇಟ್ಟುಕೊಂಡೆ. "ಅವ್ವಾ, ಇಷ್ಟು ದಿನ ಬೆಳಕು ಬತ್ತಿತ್ತು, ನೀನು ಕಾಯ್ತಿದ್ದೆ. ನಾಳೆ ನೀನು ಬತ್ತೀಯ, ಬೆಳಕು ಕಾಯ್ತಿರ್ತೈತೆ."

"ಯಾವ ಸಿನಿಮಾದ್ದು ಇದು?"

"ನಂದೇ."

"ಹಂಗಾರೆ ಓಡಲ್ಲ ಬಿಡು."

ಮತ್ತೆ ನಗು. ನಾನು ಕೆಳಗಿಳಿದು ಅವಳ ಎದುರು ಕೂತೆ. ಅವಳು ನಗು ನಿಲ್ಲಿಸಿ ಮೆಲ್ಲಗೆ ಹೇಳಿದಳು: "ಕಣ್ಣು ಬಿಟ್ರೆ ಹಾಡು ಕೆಡ್ತೈತೆ ಕಣಪ್ಪಾ. ಕಿವಿ ಒಂದು ಹೇಳ್ತೈತೆ, ಕಣ್ಣು ಹಳೇದು ತೋರಿಸ್ತೈತೆ. ತಲೆ ಗಿರ್ ಅಂತೈತೆ. ವರ್ಷಕ್ಕೊಂದು ದಿನ ಸರಸಮ್ಮನ ಬಾಯಾಗೆ ಕೇಳ್ತೀನಿ, ಅದು ನೆಟ್ಟಗೆ ಕೇಳಿದ್ರೆ ವರ್ಷಪೂರ್ತಿ ಹೆಂಚು ದಾಟ್ಸೋ ಕೈಗೆ ಬತ್ತೈತೆ."

"ಈ ಸಲ ಕೆಡಲ್ಲ. ಎರಡೂ ಒಟ್ಟಿಗೇ ಬತ್ತಾವೆ. ಆಣೆ."

"ಯಾರ ಮ್ಯಾಲೆ?"

"ನಿನ್ ಮ್ಯಾಲೆ."

ಅವಳು ರೊಟ್ಟಿ ಕೆಳಗಿಟ್ಟಳು. "ನನ್ ಮ್ಯಾಲೆ ಇಡಬ್ಯಾಡ. ಬಿಡ್ತೀನಿ ತಗಾ ಕಣ್ಣು." ಆಮೇಲೆ ಉಳಿದವರ ಕಡೆ ತಿರುಗಿ, "ನೀವೂ ಬಿಡ್ರೇ, ಏನೋ ಹೇಳ್ತಾನೆ ಹುಡುಗ," ಎಂದಳು.

ಮರುದಿನ ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟರು. ಮೊದಲ ಸಾಲಿನಲ್ಲಿ ಅಧ್ಯಕ್ಷರ ಕೆಮ್ಮು ಬಂದು ಕೂತಿತು. ಬೋರ್ಡು ವೇದಿಕೆಯ ಪಕ್ಕದಲ್ಲೇ, ಹಾಗಾಗಿ ತಗ್ಗಿನಲ್ಲಿದ್ದ ರಜಾಕ್ ಮಾಸ್ತರ ಬಿಳಿ ಟೋಪಿ ನನಗೆ ಕಾಣುತ್ತಿತ್ತು. ಹಾರ್ಮೋನಿಯಂ ಒಮ್ಮೆ ಉಸಿರೆಳೆದುಕೊಂಡಿತು. ಮೇಳದ ಹಾಡುಗಾತಿ ಸರಸಮ್ಮ ಇನ್ನೂ ಆಲಾಪದಲ್ಲಿದ್ದಳು. ನಾನು ಮನಸ್ಸಿನಲ್ಲೇ, ಈಗ ನೋಡ್ರೋ ದೊಡ್ಡ ಮನುಷ್ಯರಾ, ಎಂದುಕೊಂಡು ಕೆಂಪನ್ನು ಬಿಟ್ಟೆ. ಒಂದು ಸಾಲು ಮುಂಚೆ.

ಟೋಪಿ ತಟ್ಟನೆ ಮೇಲೆದ್ದಿತು. ಮಾಸ್ತರು ಪರದೆ ನೋಡಿದರು, ನನ್ನ ಕಡೆ ನೋಡಿದರು. ಅವರ ಕೈ ಆಲಾಪವನ್ನು ಅಲ್ಲೇ ಕತ್ತರಿಸಿತು. ತಬಲಾದ ಪೆಟ್ಟು ಹಾರಿ ಬಂತು. ಸರಸಮ್ಮ ಉಸಿರು ನುಂಗಿಕೊಂಡು "ಕೆಂಪು ಬಂತು" ಎಂದುಬಿಟ್ಟಳು. ಪರದೆಯ ಕೆಂಪಿಗೂ ಹಾಡಿನ ಕೆಂಪಿಗೂ ಒಂದು ಕೂದಲು ಅಂತರವಿಲ್ಲ. ಮೊದಲ ಸಾಲಿನಲ್ಲಿ ಯಾರೋ "ಆಹಾ" ಎಂದರು.

ನನಗೆ ಅರ್ಥವಾಗಲಿಲ್ಲ. ಸರಸಮ್ಮ ತಪ್ಪಿದಳು ಎಂದುಕೊಂಡು ಬಿಸಿಲನ್ನು ಇನ್ನೂ ಮುಂಚೆ ಬಿಟ್ಟೆ. ಮಾಸ್ತರು ಕತ್ತು ಬಗ್ಗಿಸಿ ಹಾಡನ್ನು ಎಳೆದುಕೊಂಡು ಬಂದು ಬಿಸಿಲಿಗೆ ಕಟ್ಟಿದರು. ಕೊಕ್ಕರೆ ಬಿಟ್ಟೆ, ಹಾಡಿನಲ್ಲಿ ಕೊಕ್ಕರೆ ಹಾರಿತು. ಆಗ ತಲೆಗೆ ಹೊಳೆಯಿತು. ಮೇಳದವರ ಕಣ್ಣು ಪರದೆಯ ಮೇಲೇ ಇರುತ್ತದೆ. ಬೆಳಕು ಎಡವಿದರೆ ಹಾಡು ಹೋಗಿ ಹಿಡಿದುಕೊಳ್ಳಬೇಕು, ಬಿರುಕು ಬಿಡಬಾರದು. ನಮ್ಮೂರ ಮೇಳದಲ್ಲಿ ಮೊದಲ ಪಾಠವೇ ಅದು. ನಾನು ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಲೆಕ್ಕದಲ್ಲಿ ಕನ್ನಡಿ ಚೂರಿಗೂ ಜಾಗ ಕೊಟ್ಟವನು ಮೇಳಕ್ಕೆ ಕಣ್ಣಿದೆ ಎಂಬುದನ್ನೇ ಮರೆತಿದ್ದೆ.

ಅಲ್ಲೇ ನಿಲ್ಲಿಸಿ ಹಳೆಯ ಲೆಕ್ಕಕ್ಕೆ ಬರಬಹುದಿತ್ತು. ಸಿಟ್ಟು ಬಿಡಲಿಲ್ಲ. ನೀನು ಹಿಡೀತೀಯಾ, ಹಿಡಿ ನೋಡೋಣ, ಎಂದು ಓಡಿದೆ. ನಾನು ಓಡಿದಷ್ಟೂ ಮಾಸ್ತರು ಓಡಿದರು. ಗಂಗಾಳದ ನೀರು ಚೆಲ್ಲಿತು. ಸರಸಮ್ಮನ ದನಿ ಬಿರಿಯುತ್ತಿತ್ತು, ಸಾಲುಗಳ ನಡುವೆ ಉಸಿರಿಗೂ ಜಾಗವಿಲ್ಲ. ಮಧ್ಯಾಹ್ನ ಬಂದು ಹೋಯಿತು, ಸಂಜೆ ಹಾದು ಹೋಯಿತು, ಅರ್ಧ ಹಾಡಿನ ಹೊತ್ತಿನಲ್ಲಿ ಪೂರ್ತಿ ಹಾಡು ಮುಗಿದು ಕೆರೆ ಕಪ್ಪಾಯಿತು. ಮೊದಲ ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂಥ ಬಿರುಸಿನ ಬೆಳಕಿನಾಟವನ್ನು ಅವರು ಕಂಡಿರಲಿಲ್ಲವಂತೆ.

ರಜಾಕ್ ಮಾಸ್ತರು ಬೆವರು ಒರೆಸಿಕೊಳ್ಳುತ್ತಾ ಮೇಲೆ ಬಂದು ನನ್ನನ್ನು ಅಪ್ಪಿಕೊಂಡರು. "ಗಾಬ್ರಿ ಬಿದ್ದು ಮುಂದ್ಮುಂದೆ ಹೋಗ್ತಿದ್ಯಲ್ಲ ಬೇಟಾ. ಮೊದಲ್ನೇ ಸಲ, ಆಗ್ತೈತೆ. ಬಿರುಕು ಬಿಡೋಕೆ ಬಿಟ್ಟೆನಾ ನೋಡು." ಅವರ ಎದೆ ಇನ್ನೂ ಡವಗುಟ್ಟುತ್ತಿತ್ತು. ಅವರ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳಲಿ. ಅಷ್ಟರಲ್ಲಿ ಅಧ್ಯಕ್ಷರು ಬಂದು ನನ್ನ ಹೆಗಲಿಗೆ ಶಾಲು ಹೊದಿಸಿದರು. "ಇನ್ಮ್ಯಾಲೆ ಹಾಡು ಹಿಂಗೇ ಇರ್ಲಿ. ಹಳೇದು ನಿದ್ದೆ ಬರಿಸ್ತಿತ್ತು," ಎಂದರು. ಕಮಿಟಿಯವರು ತಲೆಯಾಡಿಸಿದರು. ನಾನೂ ಕೈ ಮುಗಿದೆ.

ಅಂಗಳಕ್ಕೆ ಬಂದರೆ ಚಾಪೆ ಸುತ್ತಿಕೊಂಡು ನಮ್ಮವರು ನಿಂತಿದ್ದರು. ಹಾಡು ಬೆಳಕಿನ ಜೊತೆಗೇ ಓಡಿದ್ದರಿಂದ ಚಾಪೆಗೆ ಬಣ್ಣ ಎಂದಿಗಿಂತ ಹಿಂದೆ ಬಿದ್ದು ಬಂದಿತ್ತು. ಒಬ್ಬಿಬ್ಬರು ಹೆಂಗಸರು ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ನನ್ನ ಶಾಲು ನೋಡಿದಳು.

"ಬಿಟ್ಕಂಡೇ ಇದ್ದೆ ಕಣ್ಣು," ಎಂದಳು. "ಮುಚ್ಕಣಾನ ಅನ್ಸಿದ್ರೂ ಮುಚ್ಕಳ್ಳಿಲ್ಲ. ಆಣೆ ಇಟ್ಟಿದ್ಯಲ್ಲ."

"ಅವ್ವಾ, ಅದು ಮೇಳದೋರು..."

"ಬೆಳಕು ಬ್ಯಾರೇರ್ದು ಅಂತ ನಮಗೆ ಗೊತ್ತಿತ್ತಪ್ಪ. ಹಾಡೊಂದಿತ್ತು. ಅದನ್ನೂ ಓಡಿಸ್ಬಿಟ್ಟೆ."

ಅವಳು ದನಿ ಏರಿಸಲಿಲ್ಲ. ಮರುದಿನ ಕಾರ್ಖಾನೆಯಲ್ಲಿ ಯಾರೋ ರೂಢಿಯಂತೆ "ಕೆಂಪು ಬಂತು" ಎಂದು ಶುರು ಮಾಡಿದರಂತೆ. ಬಾಯಿಗೆ ಹೊಸ ಓಟ ಹತ್ತಿಕೊಂಡಿತ್ತು, ಕೈ ಅದರ ಹಿಂದೆ ಓಡಿತು, ಹೆಂಚು ಜಾರಿ ಒಬ್ಬಳ ಕಾಲಿಗೆ ಬಿತ್ತು. ಈಗ ಅವರು ಹಾಡಿಲ್ಲದೆ ಹೆಂಚು ದಾಟಿಸುತ್ತಾರೆ.

ಮೊದಲ ಸಾಲಿಗೆ ನೀರು ಕುಡಿಸಿದೆ ಎಂದೆನಲ್ಲ, ಸುಳ್ಳು. ಅವರಿಗೆ ಪಾನಕ ಕುಡಿಸಿದೆ. ಅವ್ವನಿಗೋಸ್ಕರ ಮಾಡಿದೆ ಎನ್ನುವ ಹಾಗೆ ಹೇಳಿದೆ, ಅದೂ ಅರ್ಧ ಸುಳ್ಳು. ದೀಪ ಕಟ್ಟುವಾಗ ನನ್ನ ಕಣ್ಣ ಮುಂದೆ ಇದ್ದದ್ದು ರುದ್ರಮುನಿಯಪ್ಪನ ಮುಖ. ಅದು ಹುಳ್ಳಗಾಗುವುದನ್ನೇ ಕನಸು ಕಂಡೆ. ಚಾಪೆಯ ಮೇಲಿನ ಅವ್ವನ ಮುಖ ಹೇಗೆ ಅರಳುತ್ತದೆ ಎಂದು ಒಂದು ಸಲವೂ ನೋಡಿಕೊಳ್ಳಲಿಲ್ಲ. ಇನ್ನು, ಯಾರೂ ನನ್ನನ್ನು ಕೇಳಲಿಲ್ಲ ಎಂದೆ. ಕೇಳಿದ್ದರು. ಆಟ ಶುರುವಾಗುವ ಮುಂಚೆ ರಜಾಕ್ ಮಾಸ್ತರು ಎಲೆಯಡಿಕೆ ಉಗುಳಿ ಬಂದು, ಬೋರ್ಡಿನ ಮೇಲೆ ಮೊಣಕೈ ಊರಿ, "ಏನಾರಾ ಹೊಸದು ಇಟ್ಟೀಯೇನೋ? ಇದ್ರೆ ಹೇಳ್ಬಿಡು, ನಾವು ಹಂಗೇ ನಡಕಂತೀವಿ," ಎಂದಿದ್ದರು. ಅವರೂ ಚಪ್ಪರದ ಕಡೆಯ ಮನುಷ್ಯ, ಅವರ ಮನೆಯವರೂ ಚಾಪೆಯ ಮೇಲೇ ಕೂತಿದ್ದರು. ಹೇಳಿದ್ದರೆ ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದರು. "ಮಾಸ್ತರೇ, ಇವತ್ತು ಪರದೆ ನೋಡಬ್ಯಾಡಿ." ಇಷ್ಟೇ ಮಾತು. ಆದರೆ ಹೇಳಿದರೆ ಅದು ನನ್ನೊಬ್ಬನ ಆಟವಾಗಿ ಉಳಿಯುತ್ತಿರಲಿಲ್ಲ. ನಾಳೆ ಪೇಟೆಯಲ್ಲಿ ಭರಮ ಮಾಡಿದ ಎನ್ನುವ ಬದಲು ರಜಾಕ್ ಮಾಸ್ತರೂ ಭರಮನೂ ಮಾಡಿದರು ಎನ್ನುತ್ತಿದ್ದರು. ಆ ಹೊತ್ತಿಗೆ ಮಾತು ಬಾಯಿಗೆ ಬರಲಿಲ್ಲ ಎಂದು ಅವ್ವನಿಗೆ ಹೇಳಿದ್ದೇನೆ.

ಬಂದಿತ್ತು. ನುಂಗಿಕೊಂಡೆ.